ಎಂಜಿನ್ನಿಗೆ ಕಟ್ಟಿದ ಕೆಂಪು ದಾರ

ನನ್ನ ಬೆರಳುಗಳ ಬಗ್ಗೆ ನನಗೆ ಮೊದಲಿನಿಂದಲೂ ಜಂಬ ಜಾಸ್ತಿ. ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿ ಹುಟ್ಟಿದವರಿಗೆ ಈ ಜಂಬ ತಾನಾಗಿ ಬರುವುದಿಲ್ಲ, ಕೂರಿಸಿಕೊಂಡು ಕಲಿಸುತ್ತಾರೆ. ನಮ್ಮ ಮನೆಯಲ್ಲಿ ನಾಲ್ಕು ಪವರ್‌ಲೂಮ್ ಮಗ್ಗಗಳಿದ್ದವು. ನಾಲ್ಕೂ ಓಡುತ್ತಿದ್ದರೆ ಪಕ್ಕದಲ್ಲಿ ನಿಂತವರ ಮಾತೂ ಕೇಳಿಸುತ್ತಿರಲಿಲ್ಲ. ಊಟಕ್ಕೆ ಕರೆಯಬೇಕಾದರೆ ಅಮ್ಮ ಬಾಯಿ ತೆರೆಯುತ್ತಿರಲಿಲ್ಲ, ಲೈಟನ್ನು ಎರಡು ಸಲ ಆರಿಸಿ ಹಾಕುತ್ತಿದ್ದಳು. ಎಳೆ ಹರಿದರೆ ಮಗ್ಗ ನಿಲ್ಲಿಸಿ, ಗಂಟು ಹಾಕಿ, ಮತ್ತೆ ಓಡಿಸುವುದು ನನಗೆ ಐದನೇ ಕ್ಲಾಸಿಗೇ ಬರುತ್ತಿತ್ತು. ಗಂಟು ಹಾಕಿದರಷ್ಟೇ ಸಾಲದು, ಅದು ಕಾಣಬಾರದು. ಅಪ್ಪ ಕಣ್ಣು ಮುಚ್ಚಿ ಬಟ್ಟೆಯ ಮೇಲೆ ಅಂಗೈ ಆಡಿಸುತ್ತಿದ್ದರು. ಕೈಗೆ ಏನಾದರೂ ತಡೆದರೆ, "ಇದೇನು ಗಂಟೋ, ಕಡ್ಲೇಕಾಯೋ?" ಎನ್ನುತ್ತಿದ್ದರು. ತಡೆಯದಿದ್ದರೆ ಏನೂ ಹೇಳದೆ ಮುಂದೆ ಹೋಗುತ್ತಿದ್ದರು. ಅಪ್ಪ ಏನೂ ಹೇಳದ ದಿನ ನನಗೆ ಹಬ್ಬ.

ಎಸ್ಸೆಸ್ಸೆಲ್ಸಿ ಆದ ಮೇಲೆ ನಾನು ಪಾಲಿಟೆಕ್ನಿಕ್ಕಿನಲ್ಲಿ ಆಟೋಮೊಬೈಲ್ ಡಿಪ್ಲೊಮಾ ಸೇರುತ್ತೇನೆ ಎಂದಾಗ ಮನೆಯಲ್ಲಿ ಎಲ್ಲರಿಗಿಂತ ಜೋರಾಗಿ ಕೂಗಾಡಿದ್ದು ನನ್ನ ಸೋದರತ್ತೆ. "ಹೆಣ್ಣುಡುಗಿ ಕೈಗೆ ಗ್ರೀಸು ಯಾಕೇ? ನಾಳೆ ಯಾವನು ಒಪ್ತಾನೆ?" ಎಂದಳು. "ನಿಮ್ಮ ಮಗ್ಗಕ್ಕೂ ಗ್ರೀಸೇ ಹಚ್ಚೋದು ಅತ್ತೆ, ತುಪ್ಪ ಅಲ್ಲ" ಎಂದೆ. ಅಮ್ಮ ಅಡುಗೆಮನೆಯಿಂದಲೇ ಕಣ್ಣು ಬಿಟ್ಟಳು. ಅಪ್ಪ ಮಾತ್ರ, "ಮಗ್ಗಾನೂ ಮಿಷೀನು, ಕಾರೂ ಮಿಷೀನು. ಹೋಗ್ಲಿ ಬಿಡಕ್ಕ" ಎಂದು ಅಕ್ಕನನ್ನು ಸುಮ್ಮನಾಗಿಸಿದರು. ಹಾಗೆ ಮೂವತ್ತೆಂಟು ಜನರ ಕ್ಲಾಸಿಗೆ ನಾನೊಬ್ಬಳೇ ಹುಡುಗಿಯಾಗಿ ಹೋಗಿ ಕೂತೆ.

ನಮ್ಮ ಲ್ಯಾಬಿನಲ್ಲಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಒಂದು ಪೆಟ್ರೋಲ್ ಎಂಜಿನ್ ಇತ್ತು. ಕಾರು ಇಲ್ಲ, ಚಕ್ರ ಇಲ್ಲ, ಬರೀ ಎಂಜಿನ್ನು, ಬ್ಯಾಟರಿ, ಕೀ. ಅದನ್ನು ಬಿಚ್ಚಿ ಜೋಡಿಸಿ, ಬಿಚ್ಚಿ ಜೋಡಿಸಿ ಎಷ್ಟೋ ಬ್ಯಾಚುಗಳು ಪಾಸಾಗಿದ್ದವು. ಕೀ ತಿರುಗಿಸಿದರೆ ಮೊದಲು ಎರಡು ಸಲ ಕೆಮ್ಮಿ, ಗೊಣಗಿ, ಆಮೇಲೆ ಶುರುವಾಗಿ ನಿಲ್ಲಿಸುವವರೆಗೂ ಬಾಯಿ ಮುಚ್ಚುತ್ತಿರಲಿಲ್ಲ. ನಾನು ಅದಕ್ಕೆ 'ಅತ್ತೆ' ಎಂದು ಹೆಸರಿಟ್ಟೆ. ಒಂದು ವಾರದಲ್ಲಿ ಇಡೀ ಕ್ಲಾಸು ಹಾಗೇ ಕರೆಯತೊಡಗಿತು. ಲ್ಯಾಬ್ ನೋಡಿಕೊಳ್ಳುತ್ತಿದ್ದ ಮೇಷ್ಟ್ರು ಕೂಡ ಒಮ್ಮೆ ಮರೆತು, "ಇವತ್ತು ಅತ್ತೆ ಹೆಡ್ ಬಿಚ್ಚಬೇಕು" ಎಂದುಬಿಟ್ಟರು.

ಆ ಲ್ಯಾಬಿಗೆ ಒಬ್ಬರು ಅಟೆಂಡರ್ ಇದ್ದರು. ಐವತ್ತು ದಾಟಿದ ಮನುಷ್ಯ, ನಮ್ಮ ತಾಲ್ಲೂಕಿನದೇ ಮಧುರೆ ಕಡೆಯ ಹಳ್ಳಿಯವರು. ನಾವೆಲ್ಲ ಅವರನ್ನು ಅಣ್ಣ ಎನ್ನುತ್ತಿದ್ದೆವು. ಬೆಳಗ್ಗೆ ಹೊಲಕ್ಕೆ ಒಂದು ಸುತ್ತು ಹಾಕಿ, ಮೊಪೆಡ್ಡಿನಲ್ಲಿ ಬಂದು, ಖಾಕಿ ಅಂಗಿ ತೊಟ್ಟು, ಸ್ಪ್ಯಾನರುಗಳನ್ನು ನಂಬರಿನ ಪ್ರಕಾರ ಗೋಡೆಗೆ ನೇತುಹಾಕುತ್ತಿದ್ದರು. ಸಂಜೆ ಒಂದು ಸ್ಪ್ಯಾನರ್ ಕಡಿಮೆಯಾದರೂ ಯಾರನ್ನೂ ಮನೆಗೆ ಬಿಡುತ್ತಿರಲಿಲ್ಲ. ಮೊದಲ ದಿನ ಹುಡುಗರು ನನ್ನನ್ನು ಹಿಂದೆ ತಳ್ಳಿ ಎಂಜಿನ್ ಸುತ್ತ ಮುತ್ತಿಕೊಂಡಾಗ ಅವರೇ, "ಲೇ, ಜಾಗ ಬಿಡ್ರೋ. ಆ ಅಮ್ಮಣ್ಣಿ ನೋಡಾಕ್ ಬಂದವ್ಳೋ, ನಿಮ್ ಬೆನ್ನು ಎಣ್ಸಾಕ್ ಬಂದವ್ಳೋ?" ಎಂದು ಗದರಿದ್ದರು. ಆವತ್ತಿನಿಂದ ನನ್ನ ಕೈಗೆ ಸ್ಪ್ಯಾನರ್ ಕೊಡುವಾಗ ಒಂದು ಚೂರು ಒರೆಸಿ ಕೊಡುತ್ತಿದ್ದರು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಆದರೆ ಬಹಳ ಇಷ್ಟವಾಗಿತ್ತು.

ಚಳಿಗಾಲ ಬಂದರೆ ಅಣ್ಣನ ಜೊತೆ ಅವರೇಕಾಯಿಯೂ ಲ್ಯಾಬಿಗೆ ಬರುತ್ತಿತ್ತು. ಅವರ ರಾಗಿ ಹೊಲದಲ್ಲಿ, ರಾಗಿಯ ನಡುನಡುವೆ ಬಿಡುವ ಅಕ್ಕಡಿ ಸಾಲಿನಲ್ಲಿ ಬೆಳೆದ ಸೊಗಡಿನ ಕಾಯಿ. ಚೀಲದಲ್ಲಿ ತಂದು ಲ್ಯಾಬಿನ ಮೂಲೆಯಲ್ಲಿಟ್ಟು, ಮೇಷ್ಟ್ರಿಗೊಂದಿಷ್ಟು, ಕ್ಲರ್ಕಿಗೊಂದಿಷ್ಟು, ನಮಗೊಂದಿಷ್ಟು ಹಂಚುತ್ತಿದ್ದರು. ಪೆಟ್ರೋಲಿನ ವಾಸನೆಗೂ ಅವರೆಯ ಸೊಗಡಿಗೂ ಲ್ಯಾಬಿನಲ್ಲಿ ಜಗಳ ನಡೆಯುತ್ತಿತ್ತು. ಈಗಲೂ ಎಲ್ಲಾದರೂ ಅವರೇಕಾಯಿ ಸುಲಿಯುತ್ತಿದ್ದರೆ ನನಗೆ ಎಂಜಿನ್ ಆಯಿಲ್ ನೆನಪಾಗುತ್ತದೆ.

ಎರಡನೇ ವರ್ಷದ ಅಂಥದೇ ಚಳಿಗಾಲದಲ್ಲಿ ನನ್ನಿಂದ ಒಂದು ಎಡವಟ್ಟು ಆಯಿತು. ಅತ್ತೆಯ ಮುಂದಿನ ಕವರ್ ಬಿಚ್ಚಿ ಮತ್ತೆ ಹಾಕಬೇಕಿತ್ತು. ನನ್ನ ಗುಂಪಿನ ಹುಡುಗರು ಊಟಕ್ಕೆ ಓಡಿದರು. ನಾನೊಬ್ಬಳೇ ಮುಗಿಸಿ ತೋರಿಸುತ್ತೇನೆ ಎಂದು ಉಳಿದೆ. ಕವರಿನ ಅಡಿಯಲ್ಲಿ ಒಂದು ತೆಳು ವೈರ್ ಸಿಕ್ಕಿಕೊಂಡಿತ್ತು. ನೋಡದೆ ಎಳೆದೆ. ಪಟ್ ಅಂತ ಕಡಿಯಿತು. ಎಂಜಿನ್ ತಿರುಗುತ್ತಿದೆ ಎಂಬ ಸುದ್ದಿಯನ್ನು ಅದರ ಕಂಪ್ಯೂಟರಿಗೆ ಮುಟ್ಟಿಸುವ ಸೆನ್ಸರಿನ ವೈರ್ ಅದು. ಆ ಸುದ್ದಿ ತಪ್ಪಿದರೆ ಎಂಜಿನ್ ನಿಂತೇ ಹೋಗುತ್ತದೆ.

ಲ್ಯಾಬಿನಲ್ಲಿ ನಿಯಮ ಇತ್ತು. ಏನಾದರೂ ಮುರಿದರೆ ಮೊದಲು ಮೇಷ್ಟ್ರಿಗೆ ಹೇಳಬೇಕು, ಬೋರ್ಡಿನ ಮೇಲೆ ಬರೆಯಬೇಕು. ಆಣೆ ಮಾಡಿ ಹೇಳುತ್ತೇನೆ, ಆ ಕ್ಷಣದಲ್ಲಿ ನನಗೆ ಅದು ನೆನಪಿಗೇ ಬರಲಿಲ್ಲ. ಎಳೆ ಹರಿದರೆ ಯಾರಾದರೂ ಹೋಗಿ ದೂರು ಹೇಳುತ್ತಾರೆಯೇ? ಗಂಟು ಹಾಕುತ್ತಾರೆ. ಮೇಲಿನ ಪ್ಲಾಸ್ಟಿಕ್ ಸುಲಿದೆ. ಒಳಗಿನ ತಾಮ್ರದ ಎಳೆಗಳು ಜರಿಯಷ್ಟೇ ಸಣ್ಣಗಿದ್ದವು. ಬೆರಳುಗಳು ತಾವಾಗಿಯೇ ಮಗ್ಗದ ಗಂಟು ಹಾಕಿದವು, ಎಳೆದಷ್ಟೂ ಬಿಗಿಯಾಗುವ ಗಂಟು. ಅದರ ಮೇಲೆ ಕಪ್ಪು ಟೇಪನ್ನು ತೆಳ್ಳಗೆ, ಎಡದಿಂದ ಬಲಕ್ಕೆ ಸುತ್ತಿ, ತುದಿಯನ್ನು ಒಳಕ್ಕೆ ಮಡಿಸಿ, ವೈರನ್ನು ಅದರ ಕೊಳವೆಯೊಳಗೆ ತೂರಿಸಿದೆ. ಕೀ ತಿರುಗಿಸಿದೆ. ಅತ್ತೆ ಕೆಮ್ಮಿ, ಗೊಣಗಿ, ಮಾತು ಶುರು ಮಾಡಿತು. ಕಣ್ಣು ಮುಚ್ಚಿ ಕೊಳವೆಯ ಮೇಲೆ ಕೈಯಾಡಿಸಿದೆ. ಏನೂ ತಡೆಯಲಿಲ್ಲ. ಆವತ್ತು ಊಟದ ಡಬ್ಬಿ ತೆರೆಯುವಾಗ ನನ್ನಷ್ಟು ಖುಷಿಯಾಗಿದ್ದವರು ಇಡೀ ಕಾಲೇಜಿನಲ್ಲಿ ಇರಲಿಲ್ಲ.

ಮಾರನೇ ದಿನ ಮೇಷ್ಟ್ರು ಪಾಠ ಮಾಡುತ್ತಿದ್ದಾಗ ಅತ್ತೆ ಹತ್ತು ನಿಮಿಷ ಓಡಿ ನಿಂತುಹೋಯಿತು. ಆರಿದ ಮೇಲೆ ಮತ್ತೆ ಶುರುವಾಯಿತು, ಮತ್ತೆ ಹತ್ತು ನಿಮಿಷಕ್ಕೆ ನಿಂತಿತು. ನನಗೆ ತಕ್ಷಣ ಗೊತ್ತಾಯಿತು. ದಾರ ಬಿಸಿಗೆ ಹಿಗ್ಗುವುದಿಲ್ಲ, ತಾಮ್ರ ಹಿಗ್ಗುತ್ತದೆ. ಎಂಜಿನ್ ಕಾದಾಗ ನನ್ನ ಗಂಟು ಸಡಿಲವಾಗುತ್ತಿತ್ತು, ತಣಿದಾಗ ಕೂಡಿಕೊಳ್ಳುತ್ತಿತ್ತು. ಮೇಷ್ಟ್ರು ದೋಷ ಹುಡುಕುವ ಸ್ಕ್ಯಾನರ್ ಹಾಕಿದರು. ಅದು ಸೆನ್ಸರಿನ ಕಡೆ ಬೆರಳು ತೋರಿಸಿತು. ಹೊಸ ಸೆನ್ಸರ್ ತರಿಸಿ ಹಾಕಿದರು. ಆಗಲೂ ನಿಂತಿತು. ಹುಡುಗರು ವೈರುಗಳನ್ನೆಲ್ಲ ಕೊಳವೆಯಿಂದ ಹೊರಗೆಳೆದು ತಡಕಾಡಿದರು. ನನ್ನ ಟೇಪು ಕಂಪನಿಯವರೇ ಸುತ್ತಿದ ಟೇಪಿನಂತೆ ಇದ್ದುದರಿಂದ ಅದರ ಮೇಲೇ ಬೆರಳಿಟ್ಟು ಮುಂದೆ ಹೋದರು. ನಿಜ ಹೇಳಬೇಕೆಂದರೆ, ನನಗೆ ಭಯದ ಜೊತೆಗೆ ಸಣ್ಣ ಖುಷಿಯೂ ಆಯಿತು. ಮೂವತ್ತೇಳು ಗಂಡು ಮಕ್ಕಳಿಗೆ ನನ್ನ ಗಂಟು ಸಿಗಲಿಲ್ಲವಲ್ಲ ಎಂದು. ಆ ಖುಷಿಗೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಅಷ್ಟರಲ್ಲಿ ಯಾರೋ ಸ್ಟ್ಯಾಂಡಿನ ಹಿಂದೆ ಬಗ್ಗಿ ನೋಡಿದರು. ನಾಲ್ಕು ಅವರೆ ಸಿಪ್ಪೆ, ಪಕ್ಕದಲ್ಲಿ ಇಲಿ ಹಿಕ್ಕೆ. ಮೇಷ್ಟ್ರ ಮುಖ ಕೆಂಪಾಯಿತು.

"ಇಲಿ ಎಲ್ಲೋ ಒಳಗೆ ವೈರ್ ಕಡಿದಿದೆ. ಲ್ಯಾಬಲ್ಲಿ ಚೀಲಗಟ್ಟಲೆ ಅವರೇಕಾಯಿ ಇಟ್ರೆ ಇನ್ನೇನಾಗುತ್ತೆ? ಇದು ಲ್ಯಾಬೋ, ಸಂತೆಯೋ?" ಎಂದು ಅಣ್ಣನನ್ನು ಎಲ್ಲರೆದುರಿಗೇ ಕೇಳಿದರು. "ನಾಳೆಯಿಂದ ನೀವು ಗೇಟಲ್ಲಿ ಕೂತ್ಕೊಳ್ಳಿ. ಇಲ್ಲಿಗೆ ಬರೋದು ಬೇಡ. ಈ ಸಲ ನಿಮ್ಮ ಕಾಗದ ಬರೀಬೇಕೋ ಬೇಡವೋ ನಾನು ಯೋಚನೆ ಮಾಡ್ತೀನಿ."

ಅದು ಬರೀ ಬೈಗುಳ ಆಗಿರಲಿಲ್ಲ. ಅಣ್ಣನದು ಕಾಂಟ್ರ್ಯಾಕ್ಟ್ ಕೆಲಸ. ಪ್ರತಿ ವರ್ಷ ಸಂಕ್ರಾಂತಿ ಕಳೆದ ಮೇಲೆ ಮೇಷ್ಟ್ರು 'ಇವರು ನಮ್ಮ ಲ್ಯಾಬಿಗೆ ಬೇಕು' ಎಂದು ಬರೆದುಕೊಟ್ಟರೆ ಮಾತ್ರ ಮುಂದಿನ ವರ್ಷಕ್ಕೆ ಕೆಲಸ. ಸಂಕ್ರಾಂತಿಗೆ ಇನ್ನು ಎರಡು ವಾರವೂ ಇರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಮಾತು ಕೇಳಿದ್ದೆ. ಬರೆ ಬೀಳುವ ಸದ್ದನ್ನು ಹತ್ತಿರದಿಂದ ಕೇಳಿದ್ದು ಆವತ್ತೇ. ಅಣ್ಣ "ಆಯ್ತು ಸಾ" ಎಂದು, ಕೈಯಲ್ಲಿದ್ದ ಸ್ಪ್ಯಾನರನ್ನು ಅದರ ಮೊಳೆಗೆ ನೇತುಹಾಕಿ, ಆ ಸಂಜೆ ಲ್ಯಾಬಿಗೆ ಕೊನೆಯ ಸಲ ಬೀಗ ಹಾಕಿದರು.

ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದರೆ, 'ಅದಕ್ಕೇ ಹುಡುಗಿಯರಿಗೆ ಇದೆಲ್ಲ ಬೇಡ ಅನ್ನೋದು' ಎಂದು ಇಡೀ ಕ್ಲಾಸು ನಗುತ್ತದೆ, ಸೋದರತ್ತೆ ಗೆದ್ದುಬಿಡುತ್ತಾಳೆ ಎಂದು ನನ್ನ ಲೆಕ್ಕ. ಮಾರನೇ ದಿನ ಗೇಟಿನ ಹತ್ತಿರ ಹೊಂಗೆ ಮರದ ಕೆಳಗೆ ಪ್ಲಾಸ್ಟಿಕ್ ಚೇರ್ ಹಾಕಿಕೊಂಡು, ಮಡಿಲಲ್ಲಿ ರಿಜಿಸ್ಟರ್ ಇಟ್ಟುಕೊಂಡು ಅಣ್ಣ ಕೂತಿದ್ದರು. ಕೈಗೆ ಕೆಲಸವಿಲ್ಲದೆ ಆ ರಿಜಿಸ್ಟರನ್ನೇ ಆಗಾಗ ಬಟ್ಟೆಯಿಂದ ಒರೆಸುತ್ತಿದ್ದರು. ನನ್ನನ್ನು ಕಂಡು, "ಬಾ ಅಮ್ಮಣ್ಣಿ, ತಿಂಡಿ ಆಯ್ತಾ?" ಎಂದರು, ದಿನಾ ಕೇಳುವ ಹಾಗೆಯೇ. ನಾನು ತಲೆಯಾಡಿಸಿ ಓಡಿದೆ. ಕ್ಲಾಸಿನಲ್ಲಿ ಯಾರಾದರೂ 'ವೈರ್' ಎಂದರೆ ಸಾಕು, ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಹೀಗೆ ಆರು ದಿನ ಹೋಯಿತು. ಆರು ದಿನವೂ ಅವರು ತಿಂಡಿ ಆಯ್ತಾ ಎಂದು ಕೇಳಿದರು.

ಆರನೇ ದಿನ ಸಂಜೆ ಮನೆಗೆ ಬಂದಾಗ ಅಪ್ಪ ನೇಯ್ದು ಮುಗಿದ ಸೀರೆಗಳನ್ನು ಮಡಿಸುತ್ತಿದ್ದರು. ಒಂದು ಸೀರೆಯ ಅಂಚಿಗೆ ಚಿಕ್ಕ ಕೆಂಪು ದಾರ ಕಟ್ಟಿದರು. ಹುಟ್ಟಿದಾಗಿನಿಂದ ನೋಡಿದ್ದೆ, ಒಂದು ದಿನವೂ ಯಾಕೆ ಎಂದು ಕೇಳಿರಲಿಲ್ಲ. ಆವತ್ತು ಕೇಳಿದೆ.

"ಈ ಜಾಗದಲ್ಲಿ ನಾಲ್ಕೆಳೆ ಹೋಗಿತ್ತು, ಸೇರ್ಸಿದೀನಿ. ಅಂಗಡಿಯೋರಿಗೆ ಗೊತ್ತಾಗ್ಲಿ ಅಂತ."

"ಕಾಣದ ಹಾಗೆ ಗಂಟು ಹಾಕು ಅಂತ ನೀವೇ ಬಡ್ಕೊಳ್ತೀರ. ಮತ್ತೆ ನೀವೇ ದಾರ ಕಟ್ಟಿ ತೋರಿಸ್ತೀರ?"

ಅಪ್ಪ ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದರು. "ಕಾಣಬಾರದು ಅಂದಿದ್ದು ಉಡೋರ ಕಣ್ಣಿಗೆ ಕಣಮ್ಮ. ನಮ್ಮ ಕೈಯಿಂದ ತಗೊಳ್ಳೋರಿಗೆ ಹೇಳ್ದೆ ಇರೋಕಾಗುತ್ತಾ? ಅವರು ಗೊತ್ತಿಲ್ದೆ ಅಲ್ಲೇ ಎಳೆದು ಹರೀತು ಅಂದ್ಕೋ, ಪಾಪ, ತಾವೇ ಹರಿದ್ವಿ ಅನ್ಕೊಳ್ತಾರೆ."

ನನಗೆ ಅಳು ತಡೆಯಲಾಗಲಿಲ್ಲ. ಸೀರೆಯ ಮೇಲೆ ಕಣ್ಣೀರು ಬೀಳದಂತೆ ದೂರ ಸರಿದು ಕೂತು ಎಲ್ಲ ಹೇಳಿದೆ. ಅಪ್ಪ ಕೊನೆಯವರೆಗೂ ಕೇಳಿ ಒಂದೇ ಪ್ರಶ್ನೆ ಕೇಳಿದರು. "ಆ ಮನುಷ್ಯ ಗೇಟಲ್ಲಿ ಕೂತು ಎಷ್ಟು ದಿನ ಆಯ್ತು?"

"ಆರು."

ಅಪ್ಪ ಮತ್ತೆ ಏನೂ ಹೇಳಲಿಲ್ಲ. ಅವರು ಏನೂ ಹೇಳದ ದಿನ ಹಬ್ಬ ಆಗದೇ ಇದ್ದದ್ದು ನನ್ನ ಜನ್ಮದಲ್ಲಿ ಅದೊಂದೇ. ಉಂಡೆಯಿಂದ ಒಂದು ಗೇಣು ಕೆಂಪು ದಾರ ಹಲ್ಲಿನಿಂದ ಕಡಿದು ನನ್ನ ಕೈಯಲ್ಲಿಟ್ಟು, ಮಡಿಸುವ ಕೆಲಸಕ್ಕೆ ತಿರುಗಿದರು.

ಮಾರನೇ ಬೆಳಗ್ಗೆ ಗೇಟಿನಲ್ಲಿ ಅಣ್ಣನ ಮುಖ ನೋಡದೆ ನೇರವಾಗಿ ಸ್ಟಾಫ್ ರೂಮಿಗೆ ಹೋದೆ. "ಸರ್, ಅದು ಇಲಿ ಅಲ್ಲ. ನಾನು" ಎಂದೆ. ಮೇಷ್ಟ್ರು ಪೆನ್ನು ಕೆಳಗಿಟ್ಟರು. ಎದ್ದು ಲ್ಯಾಬಿಗೆ ನಡೆದರು, ನಾನು ಹಿಂದೆ. ಅಷ್ಟೊತ್ತಿಗೆ ಕ್ಲಾಸಿನವರೆಲ್ಲ ಬಂದು ನಿಂತಿದ್ದರು.

"ತೋರಿಸು" ಎಂದರು.

ಕೊಳವೆಯಿಂದ ವೈರನ್ನು ಹೊರಗೆಳೆದು ಟೇಪಿಗೆ ಬೆರಳಿಟ್ಟವಳು ಹಾಗೇ ನಿಂತೆ. ಅದು ನಾನು ಸುತ್ತಿದ ಟೇಪು ಆಗಿರಲಿಲ್ಲ. ನಾನು ಎಡದಿಂದ ಬಲಕ್ಕೆ ಸುತ್ತಿದ್ದೆ, ತುದಿ ಒಳಗೆ ಮಡಿಸಿದ್ದೆ. ಇದು ಬಲದಿಂದ ಎಡಕ್ಕಿತ್ತು, ದಪ್ಪಗಿತ್ತು, ತುದಿ ಹೊರಗೇ ಅಂಟಿತ್ತು. ಸ್ಪ್ಯಾನರಿನ ಹಿಡಿಗೆಲ್ಲ ಅಣ್ಣ ಹೀಗೇ ಟೇಪು ಸುತ್ತುತ್ತಿದ್ದರು. ಬಿಚ್ಚಿದೆ. ಒಳಗೆ ನನ್ನ ಗಂಟು ಇದ್ದಂತೆಯೇ ಇತ್ತು. ಲ್ಯಾಬಿಗೆ ಕೊನೆಯ ಸಲ ಬೀಗ ಹಾಕಿದ ಆ ಸಂಜೆ ಅವರು ಇದನ್ನು ಬಿಚ್ಚಿ ನೋಡಿದ್ದರು. ನೋಡಿ, ಮತ್ತೆ ಮುಚ್ಚಿಟ್ಟು, ಗೇಟಿಗೆ ಹೋಗಿ ಕೂತಿದ್ದರು.

ಮೇಷ್ಟ್ರು ಗಂಟನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಗಂಟು ಚೆನ್ನಾಗಿದೆ" ಎಂದರು. "ಸೀರೆಗೆ. ಇಲ್ಲಿ ಬೆಸುಗೆ ಹಾಕಬೇಕು. ಅದಕ್ಕೂ ಮೊದಲು ಬೋರ್ಡಲ್ಲಿ ಬರೀಬೇಕು. ಬರಿ." ಎಲ್ಲರೆದುರಿಗೆ ಚಾಕ್ ಹಿಡಿದು, 'ವೈರ್ ಕಡಿದದ್ದು ನಾನು, ಹೇಳದೆ ಗಂಟು ಹಾಕಿದ್ದೂ ನಾನು' ಎಂದು ಬರೆದೆ. ಒಬ್ಬರೂ ನಗಲಿಲ್ಲ. ಆರು ದಿನ ನಾನು ಹೆದರಿದ್ದ ಆ ನಗು ಎಲ್ಲೂ ಇರಲೇ ಇಲ್ಲ. ಆಮೇಲೆ ಗಂಟು ಕತ್ತರಿಸಿ, ನನ್ನ ಕೈಯಲ್ಲೇ ಬೆಸುಗೆ ಹಾಕಿಸಿದರು. ಅದರ ಮೇಲೆ ನಾನು ಅಪ್ಪ ಕೊಟ್ಟ ಕೆಂಪು ದಾರ ಕಟ್ಟಿದೆ. ಏನಿದು ಎಂದು ಕೇಳಿದಾಗ ಅಪ್ಪನ ಮಾತನ್ನೇ ಹೇಳಿದೆ. ಮೇಷ್ಟ್ರು ಹೂಂ ಎಂದು, ಅತ್ತೆಯ ಕೀ ತಿರುಗಿಸಿ, ಗಡಿಯಾರ ನೋಡುತ್ತಾ ನಿಂತರು. ಹತ್ತು ನಿಮಿಷ ಆಯಿತು, ಇಪ್ಪತ್ತಾಯಿತು. ಅತ್ತೆ ಬಾಯಿ ಮುಚ್ಚಲಿಲ್ಲ. ಮೇಷ್ಟ್ರು ಎಂಜಿನ್ ಆರಿಸಿ, ತಾವೇ ಗೇಟಿನ ಕಡೆ ನಡೆದರು.

ಅವರು ಅಣ್ಣನಿಗೆ ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ದೂರದಿಂದ ನೋಡಿದ್ದು ಇಷ್ಟೇ: ಮೇಷ್ಟ್ರು ಕೈ ಮುಗಿದರು, ಅಣ್ಣ ಗಾಬರಿಯಾಗಿ ಎದ್ದು ನಿಂತರು, ಮಡಿಲಿನ ರಿಜಿಸ್ಟರ್ ಕೆಳಗೆ ಬಿತ್ತು. ಮೇಷ್ಟ್ರು ಹೋದ ಮೇಲೆ ನಾನು ಹೋದೆ.

"ಅಣ್ಣಾ, ನೀವು ಆವತ್ತೇ ನೋಡಿದ್ರಾ?"

"ನೋಡ್ದೆ. ನಮ್ ಮನೆಯವಳು ಇಪ್ಪತ್ತೊರ್ಸ ನಿಮ್ ಊರ್ನಾಗೇ ಮಗ್ಗದ ಮನೇಲಿ ಕೆಲ್ಸ ಮಾಡವ್ಳೆ. ಇಲಿ ಹಲ್ಲು ಯಾವ್ದು, ಮಗ್ಗದೋರ ಗಂಟು ಯಾವ್ದು ಅಂತ ನಂಗೊತ್ತಿಲ್ವಾ?"

"ಮತ್ತೆ ಯಾಕೆ ಹೇಳಲಿಲ್ಲ? ನಿಮ್ಮ ಕೆಲಸ ಹೋಗ್ತಿತ್ತಲ್ಲ!"

"ನಾನ್ ಹೇಳಿದ್ರೆ ನಾಳೆಯಿಂದ ಆ ಹುಡುಗ್ರು ನಿನ್ನ ಎಂಜಿನ್ ಹತ್ರಕ್ಕೆ ಬಿಡ್ತಿದ್ರಾ? ನಂಗೇನು, ಹೊಲ ಐತೆ, ಹೆಂಗೋ ಆಯ್ತದೆ. ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ." ಅಷ್ಟು ಹೇಳಿ ಅವರ ಮುಖ ಬಿಗಿಯಾಯಿತು. "ಆದ್ರೂ ಆರು ದಿನ ತಕಂಡಲ್ಲ ಅಮ್ಮಣ್ಣಿ. ದಿನಾ ನಾನ್ ಮಾತಾಡ್ಸ್ತಿದ್ದೆ. ದಿನಾ ನೀನು ತಲೆ ತಗ್ಗಿಸ್ಕೊಂಡು ಓಡೋಗ್ತಿದ್ದೆ. ಅದು ಬೇಜಾರಾಯ್ತು."

ಬೈದಿದ್ದರೆ ಎದುರು ಮಾತಾಡುವುದು ನನಗೆ ಗೊತ್ತಿತ್ತು. ಬೇಜಾರಾಯ್ತು ಎಂದದ್ದಕ್ಕೆ, "ತಪ್ಪಾಯ್ತಣ್ಣ" ಎಂದೆ. ಅವರು ಚೇರಿನ ಕೆಳಗಿನಿಂದ ಒಂದು ಸ್ಟೀಲ್ ಡಬ್ಬಿ ತೆಗೆದರು. ನೆನೆಹಾಕಿದ ಅವರೆಕಾಳು. "ಕೂತ್ಕೊ. ಬೆರಳು ಭಾರಿ ಚುರುಕಲ್ವಾ ನಿಂದು, ಹಿಚುಕು. ಮನೆಯವಳು ಸಾರು ಮಾಡ್ಬೇಕು ಅಂದವ್ಳೆ." ಆ ಮಧ್ಯಾಹ್ನವಿಡೀ ಹೊಂಗೆ ಮರದ ಕೆಳಗೆ ಕೂತು ಒಂದೊಂದೇ ಕಾಳಿನ ಸಿಪ್ಪೆ ಬಿಡಿಸಿ ಬೇಳೆ ಹಿಚುಕಿದೆ. ಹೋಗುವ ಬರುವ ಹುಡುಗರೆಲ್ಲ ನೋಡಿಕೊಂಡು ಹೋದರು. ಸಂಕ್ರಾಂತಿ ಕಳೆದ ಮೇಲೆ ಮೇಷ್ಟ್ರು ಕಾಗದ ಬರೆದುಕೊಟ್ಟರು, ಅಣ್ಣ ಮತ್ತೆ ಲ್ಯಾಬಿಗೆ ಬಂದರು. ಅವರೇಕಾಯಿ ಚೀಲ ಮಾತ್ರ ಗೇಟಿನಿಂದ ಒಳಗೆ ಬರಲಿಲ್ಲ.

ಈಗ ನಾನು ನೆಲಮಂಗಲದ ಹತ್ತಿರ ಒಂದು ಸರ್ವಿಸ್ ಸೆಂಟರಿನಲ್ಲಿ ಕೆಲಸ ಮಾಡುತ್ತೇನೆ. ನಾನು ರಿಪೇರಿ ಮಾಡಿದ ವೈರಿಂಗಿಗೆಲ್ಲ ಕೆಂಪು ದಾರ ಕಟ್ಟುತ್ತೇನೆ. ಮುಂದೆ ಬಾನೆಟ್ ತೆಗೆಯುವವರಿಗೆ ಗೊತ್ತಾಗಲಿ ಎಂದು. ಮೊದಮೊದಲು ಜೊತೆಯವರು ನಕ್ಕರು, ಈಗ ಅವರೇ ದಾರ ಕೇಳುತ್ತಾರೆ.

ಕಳೆದ ಚಳಿಗಾಲದಲ್ಲಿ ಸರ್ಟಿಫಿಕೇಟಿನ ಕೆಲಸಕ್ಕೆಂದು ಕಾಲೇಜಿಗೆ ಹೋಗಿದ್ದೆ. ಅಣ್ಣ ಅಲ್ಲೇ ಇದ್ದರು, ಖಾಕಿ ಅಂಗಿ ಇನ್ನಷ್ಟು ಮಾಸಿತ್ತು. "ತಿಂಡಿ ಆಯ್ತಾ?" ಎಂದರು. ಈ ಸಲ ನಿಂತು, ಏನು ತಿಂದೆ ಎಂಬುದನ್ನೂ ಹೇಳಿದೆ. ಲ್ಯಾಬಿಗೆ ಕರೆದುಕೊಂಡು ಹೋದರು. ಅತ್ತೆಗೆ ಹೊಸ ವೈರಿಂಗ್ ಪೂರ್ತಿ ಹಾಕಿಸಿದ್ದರು, ಹಳೆಯದು ಒಂದು ಎಳೆಯೂ ಉಳಿದಿರಲಿಲ್ಲ. ಆದರೆ ಆ ಸೆನ್ಸರಿನ ಹೊಸ ವೈರ್ ಮೇಲೆ, ಅದೇ ಜಾಗದಲ್ಲಿ, ಬಣ್ಣ ಮಾಸಿದ ನನ್ನ ಕೆಂಪು ದಾರ ಇತ್ತು.

"ಇಲ್ಲಿ ರಿಪೇರಿನೇ ಇಲ್ವಲ್ಲಣ್ಣ. ಯಾಕೆ ಕಟ್ಟಿದ್ದೀರ?"

"ಹೊಸ ಹುಡುಗ್ರು ಎಂಜಿನ್ ನಿಂತ್ರೆ ಮೊದ್ಲು ಅಲ್ಲೇ ಕೈ ಹಾಕ್ತಾರೆ, ಏನೂ ಸಿಗಾಕಿಲ್ಲ" ಎಂದು ನಕ್ಕರು. ಆಮೇಲೆ ನನ್ನ ಕಡೆ ನೋಡದೆ ಸ್ಪ್ಯಾನರ್ ಒರೆಸುತ್ತಾ, "ಹಳೇ ವೈರ್ ಗುಜರಿಗೆ ಹೋಯ್ತು. ದಾರ ಬಿಸಾಕಾಕೆ ಮನ್ಸು ಬರ್ನಿಲ್ಲ" ಎಂದರು.

ಏನೂ ಹರಿಯದ ಜಾಗದಲ್ಲಿ ಕೆಂಪು ದಾರ ಕಟ್ಟಿದರೆ ಅದು ಸುಳ್ಳು ಹೇಳಿದ ಹಾಗೆ. ಕಸುಬಿನ ಪ್ರಕಾರ ಅದನ್ನು ಬಿಚ್ಚಬೇಕಿತ್ತು. ಕೈ ಮುಂದೆ ಹೋಯಿತು. ಕಣ್ಣು ಮುಚ್ಚಿ ದಾರದ ಮೇಲೆ ಬೆರಳಾಡಿಸಿದೆ. ಅಣ್ಣ ಹಾಕಿದ ಗಂಟು, ಕಡ್ಲೇಕಾಯಿಯಷ್ಟು ದಪ್ಪ. ಏನೂ ಹೇಳದೆ, ಅದನ್ನು ಹಾಗೇ ಬಿಟ್ಟು ಬಂದೆ.